ಯುದ್ಧದ ಶಲ್ಯ



ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ, ಅಜಿಲ ಅರಸನಾದ ತಿಮ್ಮರಾಜನು 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಎತ್ತರ ಸುಮಾರು 35 ಅಡಿ. ಅವನನ್ನು ನಾವು ತ್ಯಾಗಿಯೆಂದು ಕೊಂಡಾಡುತ್ತೇವೆ. ಅವನು ಕಾಳಗದಿಂದ ಮರಳಿದ ವೀರನೂ ಹೌದೆಂಬುದನ್ನು ಮರೆಯುತ್ತೇವೆ. ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ತನ್ನದೇ ರೀತಿಯಲ್ಲಿ ಹಾಡಿದುದು ಈ ಸೋದರರ ಕಥೆಯನ್ನೇ.

ಪುರಾಣವು ಹೇಳುವುದೇನು? ಗೆದ್ದವನು ರಾಜ್ಯವನ್ನು ಬಿಟ್ಟನು. ಬಳ್ಳಿಗಳು ಮೈಗೆ ಹಬ್ಬುವವರೆಗೆ ನಿಂತನು. ಆದರೂ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಶಲ್ಯವೊಂದು ಮನಸ್ಸಿನಲ್ಲಿ ಉಳಿಯಿತು. ಶಲ್ಯವೆಂದರೆ ಮೈಯೊಳಗೆ ಮುರಿದು ನಿಂತ ಬಾಣದ ಮೊನೆ. ಭರತನೇ ಬಂದು ಕೈಮುಗಿದಾಗ ಅದು ಕಳಚಿತು. ತಪಸ್ಸಿಗೆ ಸಾಧ್ಯವಾಗದುದು ಒಬ್ಬ ಮನುಷ್ಯನ ಆಗಮನದಿಂದ ಆಯಿತು.

ವೈದ್ಯಶಾಸ್ತ್ರವು ಈ ಮೊನೆಯನ್ನು ಗುರುತಿಸಿದುದು ಬಹಳ ತಡವಾಗಿ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ಇದನ್ನು ಕುರಿತು ಬರೆದನು. ಅನೇಕ ಸೇನಾಧಿಕಾರಿಗಳಿಗೆ ಅದು ಹೇಡಿತನವಾಗಿಯೇ ಕಂಡಿತು. ಆ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಆಪಾದನೆಗಳಿಗಾಗಿ ಗುಂಡಿಕ್ಕಲ್ಪಟ್ಟ 306 ಸೈನಿಕರಿಗೆ ಬ್ರಿಟಿಷ್ ಸರ್ಕಾರವು ಕ್ಷಮೆಯನ್ನಿತ್ತುದು 2006ರಲ್ಲಿ. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ತಮ್ಮ ರೋಗಪಟ್ಟಿಗೆ ಸೇರಿಸಿದರು.

ಈಗ ನಮ್ಮ ಊರುಗಳ ಕಡೆಗೆ ನೋಡೋಣ. ಬಂಟ್ವಾಳದ ಕಡೆಯ ಜಾತ್ರೆಯೊಂದರಲ್ಲಿ ಗರ್ನಾಲು ಸಿಡಿಯುತ್ತದೆ. ಮಕ್ಕಳು ನಗುತ್ತಾರೆ, ಪಿಂಚಣಿ ಪಡೆದು ಮನೆಗೆ ಬಂದ ಸೈನಿಕನು ಮಾತ್ರ ಗೋಡೆಗೆ ಆತು ನಿಂತು ಬೆವರುತ್ತಾನೆ. ಮನೆಯವರಿಗೆ ತಿಳಿದಿರುವುದು ಅವನ ಕೋಪವೊಂದೇ. ರಾತ್ರಿ ಅವನು ನಿದ್ರಿಸುವುದಿಲ್ಲವೆಂಬುದನ್ನೂ, ಸತ್ತ ಜೊತೆಗಾರನ ಹೆಸರು ಬಂದೊಡನೆ ಮಾತು ತಿರುಗಿಸುವನೆಂಬುದನ್ನೂ ಗಮನಿಸುವವನು ಬಹುಶಃ ಬಾಲ್ಯದ ಗೆಳೆಯ. ಯುದ್ಧಕ್ಕೆ ಮುಂಚಿನ ಅವನ ನಗುವನ್ನು ಬಲ್ಲವನು.

ಆ ಗೆಳೆಯನು ಮಾಡಬೇಕಾದುದೇನು? “ಎಷ್ಟು ಜನರನ್ನು ಕೊಂದೆ?” ಎಂದು ಕೇಳಬಾರದು. “ಮರೆತುಬಿಡು ಮಾರಾಯ” ಎನ್ನಲೂಬಾರದು. ಮರೆಯುವುದು ಅವನ ಕೈಯಲ್ಲಿದ್ದಿದ್ದರೆ ಎಂದೋ ಮರೆಯುತ್ತಿದ್ದನು. ಬಳಿಯಲ್ಲಿ ಕುಳಿತಿರಬೇಕು. ಅವನು ಹೇಳಿದಷ್ಟನ್ನು ಕೇಳಬೇಕು. ಬಳಿಕ ಮನೋವೈದ್ಯರ ಬಳಿಗೆ ತಾನೂ ಜೊತೆಯಲ್ಲಿ ಹೋಗಬೇಕು, ಇದಕ್ಕೆ ಚಿಕಿತ್ಸೆಯುಂಟು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸರ್ಕಾರದ ಸಲಹೆಯೂ ಉಚಿತವಾಗಿ ದೊರೆಯುತ್ತದೆ.

ವೀರನಿಗೆ ಹಾರ ಹಾಕಲು ಊರೇ ನೆರೆಯುತ್ತದೆ. ಹಾರ ಬಾಡಿದ ಮೇಲೆ ಅವನ ಜಗಲಿಗೆ ಹೋಗಿ ಕುಳಿತುಕೊಳ್ಳಲು ಒಬ್ಬನಾದರೂ ಬೇಕು. ಆ ಒಬ್ಬರು ತಾವಾಗಬಹುದು.