ಮರೆವಿನ ರೋಗವೂ ದಾಸೋಹಧರ್ಮವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದಂತೆ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಅದನ್ನು ಶಿರಸಾವಹಿಸಿ, ನಮ್ಮ ಮನೆಗಳಲ್ಲಿಯೇ ಇದ್ದರೂ ನಾವು ಸರಿಯಾಗಿ ಗುರುತಿಸದ ಒಂದು ರೋಗವನ್ನು ಕುರಿತು ಬಿನ್ನವಿಸುವೆನು.

ಅರುವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಮನೆಯ ಹಿರಿಯರು ಊಟಮಾಡಿ ಕೈತೊಳೆದ ಗಳಿಗೆಯಲ್ಲಿಯೇ “ನನಗಿನ್ನೂ ಬಡಿಸಿಲ್ಲ” ಎನ್ನುವರು. ಕೇಳಿದ ನೆರೆಯವರು ಸೊಸೆಯನ್ನು ಹಳಿಯುವರು. ಐವತ್ತು ವರುಷ ತಪ್ಪದೆ ಇಷ್ಟಲಿಂಗಪೂಜೆ ಮಾಡಿದವರು ಒಂದು ದಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮುಂದೇನೆಂದು ತೋಚದೆ ಕುಳಿತುಬಿಡುವರು. ಕೆಲವರು ಇದನ್ನು ಮುಪ್ಪಿನ ಸ್ವಭಾವವೆಂದು ನಗುವರು. ಕೆಲವರು ಹಟವೆಂದು ಗದರುವರು. ಕೆಲವರು ಪೂರ್ವಕರ್ಮದ ಫಲವೆನ್ನುವರು. ನಿಷ್ಠೆ ಕುಂದಿತೆಂದು ನುಡಿಯುವ ನಿಷ್ಠುರರೂ ಉಂಟು. ಈ ನಾಲ್ಕು ಮಾತುಗಳೂ ತಪ್ಪೆಂದು ತೋರಿಸುವುದೇ ನನ್ನ ಉದ್ದೇಶ.

1901ನೆಯ ಇಸವಿಯ ನವಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಕರೆತಂದರು. ಆಕೆಯ ವಯಸ್ಸು 51 ಮಾತ್ರ. ಹೆಸರು ಬರೆಯೆಂದರೆ ಬರೆಯತೊಡಗಿ ನಡುವೆಯೇ ಮರೆಯುವಳು; ತನ್ನನ್ನು ತಾನೇ ಕಳೆದುಕೊಂಡೆನೆಂದು ಹೇಳುವಳು. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯರು ಆಕೆಯ ಮಾತುಗಳನ್ನು ಶ್ರದ್ಧೆಯಿಂದ ಬರೆದಿಟ್ಟರು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಲಾಗಿ, ನರಕೋಶಗಳ ಹೊರಗೆ ಕಸದ ಉಂಡೆಗಳಂತಹ ವಸ್ತುವೂ, ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳೂ ಕಂಡವು. ಉಂಡೆಗಳು ಅಮೈಲಾಯ್ಡ್ ಎಂಬ, ಎಳೆಗಳು ಟೌ ಎಂಬ ಪ್ರೋಟೀನಿನವೆಂದು ಮುಂದೆ ತಿಳಿದುಬಂದಿತು. ಆ ವರ್ಷದ ನವಂಬರ್ 3ರಂದು ಟ್ಯೂಬಿಂಗೆನ್ನಿನ ವೈದ್ಯಸಭೆಯಲ್ಲಿ ಅವರು ಇದನ್ನು ನಿವೇದಿಸಿದಾಗ ಯಾರೂ ವಿಶೇಷವಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ಎಂಬ ವಿದ್ವಾಂಸರು ಈ ರೋಗಕ್ಕೆ ಆಲ್ಜೈಮರ್ ಅವರ ಹೆಸರನ್ನಿಟ್ಟರು. ಐವತ್ತರ ಪ್ರಾಯದಲ್ಲಿಯೂ ಬರಬಹುದಾದ ಇದನ್ನು ಬರಿಯ ಮುಪ್ಪೆಂದು ಹೇಗೆ ಕರೆಯೋಣ? ಮುಪ್ಪಿನಲ್ಲಿ ಇದು ಹೆಚ್ಚುವುದು ನಿಜ; ಆದರೆ ಮುಪ್ಪೇ ಇದಲ್ಲ.

ಇನ್ನು ರೋಗದ ಒಳಗುಟ್ಟಿಗೆ ಬರೋಣ. 1919ರಲ್ಲಿ ಸ್ಪೇನ್ ದೇಶದ ಪಿಯೋ ದೆಲ್ ರಿಯೋ ಓರ್ತೇಗಾ ಎಂಬವರು ಮಿದುಳಿನಲ್ಲಿ ನರಕೋಶಗಳಲ್ಲದ ಪುಟ್ಟ ಕಣಗಳನ್ನು ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಮಠದ ಅಂಗಳವನ್ನು ಗುಡಿಸುವ, ಬಾಗಿಲು ಕಾಯುವ ಕಾಯಕಜೀವಿಗಳಂತೆ ಇವು ಸತ್ತ ಕಣಗಳನ್ನು ತೆಗೆಯುವುವು, ರೋಗಾಣುಗಳನ್ನು ನುಂಗುವುವು. ಗಾಯವಾದ ಕಡೆ ಮೈ ಕೆಂಪಾಗಿ ಉರಿದು ಊದಿಕೊಳ್ಳುವುದನ್ನು ನಾವು ಉರಿಯೂತವೆನ್ನುವೆವು. ಅದು ದೇಹದ ರಕ್ಷಣೋಪಾಯ. ಮಿದುಳಿನಲ್ಲಿ ಆ ಕೆಲಸವನ್ನು ಮುಖ್ಯವಾಗಿ ಈ ಕಣಗಳೇ ನಡೆಸುವುವು.

ಕೆನಡಾ ದೇಶದ ವ್ಯಾಂಕೂವರಿನಲ್ಲಿ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಈಡಿತ್ ಮೆಕ್‌ಗೀರ್ ಎಂಬ ದಂಪತಿಗಳು ಈ ರೋಗಿಗಳ ಮಿದುಳನ್ನು ಪರೀಕ್ಷಿಸುತ್ತಿದ್ದರು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರನ್ನು ಬಲ್ಲ ನಮಗೆ ಸತಿಪತಿಗಳು ಕೂಡಿ ಒಂದೇ ಕಾಯಕದಲ್ಲಿ ನಿಲ್ಲುವುದು ಹೊಸದಲ್ಲ. 1980ರ ದಶಕದಲ್ಲಿ ಅವರು ಆ ಕಸದ ಉಂಡೆಗಳ ಸುತ್ತ ಮೈಕ್ರೋಗ್ಲಿಯಾಗಳು ಕೆರಳಿ ಮುತ್ತಿಕೊಂಡಿರುವುದನ್ನು ತೋರಿಸಿದರು. ಕಸವು ತೊಲಗದೆ ಉಳಿದಾಗ ಕಾವಲುಗಾರನ ಕೋಪವೂ ಆರದು. ಶತ್ರುವಿಗೆಂದು ಕಾರಿದ ವಿಷವು ಮನೆಯವರಿಗೂ ತಾಗುವುದು. 2016ರಲ್ಲಿ ಅಮೆರಿಕೆಯ ಬೆತ್ ಸ್ಟೀವನ್ಸ್ ಮತ್ತು ಅವರ ಸಂಗಡಿಗರು, ಈ ಕಣಗಳು ನರಕೋಶಗಳ ನಡುವಣ ಬೆಸುಗೆಗಳನ್ನೇ ನುಂಗುವುದನ್ನು ಇಲಿಗಳಲ್ಲಿ ಕಂಡರು. ನೆನಪು ನೆಲೆಸುವುದು ಆ ಬೆಸುಗೆಗಳಲ್ಲಿಯೇ.

ಹಾಗಾದರೆ ಉರಿಯೂತವನ್ನು ಅಡಗಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಅಮೆರಿಕೆಯಲ್ಲಿ 2001ರಿಂದ ವೃದ್ಧರಿಗೆ ಅಂತಹ ನೋವುನಿವಾರಕ ಗುಳಿಗೆಗಳನ್ನು ಕೊಟ್ಟು ನೋಡಿದರು. ಹೃದಯಕ್ಕೆ ಅಪಾಯವಾದೀತೆಂಬ ಶಂಕೆಯಿಂದ 2004ರಲ್ಲಿ ಅದನ್ನು ನಿಲ್ಲಿಸಿದರು. ನೆನಪಿಗೂ ರಕ್ಷಣೆ ದೊರೆಯಲಿಲ್ಲ. 2013ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಇನ್ನೊಂದು ಸಂಗತಿ ಹೊರಬಿದ್ದಿತು: ಈ ಕಾವಲು ಕಣಗಳ ಶಕ್ತಿಯನ್ನು ಕುಂದಿಸುವ ಒಂದು ವಂಶಗತ ದೋಷವುಳ್ಳವರಲ್ಲಿ ರೋಗದ ಭಯ ಸುಮಾರು ಮೂರು ಪಟ್ಟು ಹೆಚ್ಚು. ಕಾವಲುಗಾರನು ಕೆರಳಿದರೂ ಕೇಡು, ನಿದ್ರಿಸಿದರೂ ಕೇಡು. ಆದುದರಿಂದ ವೈದ್ಯರನ್ನು ಕೇಳದೆ ಅಂಗಡಿಯ ಗುಳಿಗೆಗಳನ್ನು ನುಂಗುವುದು ಸಲ್ಲದು. 2023ರಿಂದೀಚೆಗೆ ಕಸವನ್ನು ತೊಳೆಯುವ ಔಷಧಗಳಿಗೆ ಅಮೆರಿಕೆಯಲ್ಲಿ ಪೂರ್ಣ ಒಪ್ಪಿಗೆ ದೊರೆತಿದೆ. ಅವು ಆರಂಭದ ಹಂತದಲ್ಲಿ ರೋಗದ ನಡೆಯನ್ನು ತುಸು ನಿಧಾನಿಸುವುವೇ ಹೊರತು ಕಳೆದ ನೆನಪನ್ನು ಮರಳಿಸವು. ಮಿದುಳಿನ ಬಾವು, ರಕ್ತಸ್ರಾವಗಳ ಭಯವೂ ಅವುಗಳಿಗುಂಟು.

ಆದರೂ ನಿರಾಶರಾಗಬೇಕಾಗಿಲ್ಲ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ, ಮರೆವಿನ ರೋಗಗಳಲ್ಲಿ ನೂರಕ್ಕೆ ಸುಮಾರು 45ನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆಯೆಂದು ಹೇಳಿತು. ರಕ್ತದೊತ್ತಡ, ಸಕ್ಕರೆರೋಗ, ಧೂಮಪಾನ, ಕಿವುಡು, ಒಂಟಿತನ ಮುಂತಾದ 14 ಕಾರಣಗಳನ್ನು ಅದು ಎಣಿಸಿದೆ. ಎಳವೆಯಲ್ಲಿ ವಿದ್ಯೆ ದೊರೆಯದಿರುವುದೂ ಅವುಗಳಲ್ಲೊಂದು. ಬಡಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದ ನಮ್ಮ ಮಠಗಳ ಪ್ರಸಾದನಿಲಯಗಳು, ಅರಿಯದೆಯೇ ಆ ಮಕ್ಕಳ ಮುಪ್ಪಿಗೂ ರಕ್ಷೆ ಕಟ್ಟಿದಂತಾಯಿತು. 2023ರಲ್ಲಿ ಪ್ರಕಟವಾದ ಗಣನೆಯಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಸುಮಾರು 88 ಲಕ್ಷ ಜನರು ಮರೆವಿನ ರೋಗಿಗಳು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದವರು ವರ್ಷವರ್ಷವೂ ಪರೀಕ್ಷಿಸುತ್ತ, ಗ್ರಾಮವಾಸಿಗಳಲ್ಲಿ ಈ ರೋಗವು ಹೇಗೆ ಮೊಳೆಯುವುದೆಂದು ಅರಸುತ್ತಿರುವರು.

ಶರಣಬಂಧುಗಳೇ, ನಮ್ಮ ಹಿರಿಯರು ಅರಿವು ಮರೆವುಗಳ ವಿಚಾರವನ್ನು ಬಹಳವಾಗಿ ಮಾಡಿರುವರು. ಅವರು ಖಂಡಿಸಿದುದು ಅರಿಯಬಲ್ಲವನ ಮರೆವನ್ನು. ಅಂಗವು ಬೆಂದು ಅರಿಯಲಾರದವರ ಮರೆವನ್ನಲ್ಲ. ಕಾಲು ಮುರಿದವನು ಜಾತ್ರೆಗೆ ನಡೆದು ಬರಲಿಲ್ಲವೆಂದು ಯಾರಾದರೂ ದೂರುವರೇ? ಆದುದರಿಂದ ಮರೆತವರೊಡನೆ ವಾದ ಬೇಡ, “ನಾನಾರು ಹೇಳಿ” ಎಂಬ ಪರೀಕ್ಷೆಯೂ ಬೇಡ. ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಕುಳಿತು, ಅವರ ಕೈಗೆ ಕೈಗೂಡಿಸಿರಿ. ಉಣ್ಣಲಿಲ್ಲವೆಂದರೆ ಗದರದೆ ಎರಡು ತುತ್ತು ಇಕ್ಕಿರಿ. ಮರೆವು ತೋರಿದೊಡನೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ12 ಜೀವಸತ್ವದ ಕೊರತೆ, ಮನೋಖೇದಗಳಿಂದ ಹುಟ್ಟಿದ ಮರೆವಾದರೆ ಚಿಕಿತ್ಸೆಯುಂಟು.

ಹಗಲಿರುಳು ಈ ಶುಶ್ರೂಷೆಯಲ್ಲಿ ಸವೆಯುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಅವರ ಹೊರೆಯನ್ನು ಗಂಡುಮಕ್ಕಳೂ ನೆರೆಯವರೂ ಹಂಚಿಕೊಳ್ಳುವುದು ದಾಸೋಹವಲ್ಲದೆ ಮತ್ತೇನು? ಉಪಕಾರವನ್ನು ನೆನೆಯಲೂ ಆರದವರಿಗೆ ಮಾಡುವ ಸೇವೆಯಲ್ಲಿ ಫಲಾಪೇಕ್ಷೆಗೆ ಎಡೆಯೆಲ್ಲಿಯದು? ಅವರು ನಮ್ಮನ್ನು ಮರೆತಿರಬಹುದು. ನಾವು ಅವರನ್ನು ಮರೆಯದಿರೋಣ. ಇಂತಹ ಮನೆಗಳಿಗೆ ಹೋಗಿ ನೆರವಾಗುವ ಸದ್ಭಕ್ತರ ಒಂದು ತಂಡವು ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಆಶ್ರಯದಲ್ಲಿ ಏರ್ಪಡಲೆಂದು ಮಹಾಸ್ವಾಮಿಗಳವರಲ್ಲಿ ಬಿನ್ನವಿಸಿ ವಿರಮಿಸುವೆನು.