ಟೋರ್ಬೆಲ್ ಗ್ರಾಮದ ಹಸುಗಳ ಲೆಕ್ಕ

ಆಲ್ಪ್ಸ್ ಪರ್ವತಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅಲ್ಲಿಯ ಹಿಮಶಿಖರಗಳನ್ನೇ ವರ್ಣಿಸುವರು. ಈ ಹೊತ್ತು ನಾನು ಆ ಶಿಖರಗಳ ಕೆಳಗೆ ಬಾಳುತ್ತಿರುವ ಒಂದು ಸಣ್ಣ ಗ್ರಾಮದ ವಿಚಾರವನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ. ಅದರ ಹೆಸರು ಟೋರ್ಬೆಲ್. ಸ್ವಿಟ್ಜರ್ಲೆಂಡಿನ ವಲೇ ಪ್ರಾಂತದಲ್ಲಿ, ವಿಸ್ಪ್ ಹೊಳೆಯ ಕಣಿವೆಯ ಮೇಲುಗಡೆ, ಸಮುದ್ರಮಟ್ಟಕ್ಕೆ ಸುಮಾರು 1,500 ಮೀಟರು ಎತ್ತರದ ಕಡಿದಾದ ಇಳಿಜಾರಿನಲ್ಲಿ ಅದು ನೆಲಸಿದೆ. ಜನಸಂಖ್ಯೆ ಸುಮಾರು 500. ಜನರ ಮಾತು ಜರ್ಮನ್ ಭಾಷೆಯ ಒಂದು ಪ್ರಭೇದ.

ಈ ಕಣಿವೆಯಲ್ಲಿ ಮಳೆ ಕಡಮೆ. ಆದುದರಿಂದ ಬೆಟ್ಟದ ತೊರೆಗಳಿಂದ ಕಾಲುವೆ ತೆಗೆದು ನೀರು ಹಾಯಿಸಿಕೊಂಡು ಅವರು ವ್ಯವಸಾಯಮಾಡುತ್ತ ಬಂದರು. ರೈ ಧಾನ್ಯ, ಒಣಹುಲ್ಲು, ಹಸುವಿನ ಹಾಲು, ಚೀಸು, ಇವೇ ಹಿಂದಿನ ಕಾಲದಲ್ಲಿ ಅವರ ಜೀವನಾಧಾರ. ಹೊಲ, ತೋಟ, ಹುಲ್ಲು ಕೊಯ್ಯುವ ನೆಲ ಇವು ಅವರವರ ಸ್ವಂತ ಆಸ್ತಿ. ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಗಾವಲೂ ಕಾಡೂ ಊರೊಟ್ಟಿನ ಸ್ವತ್ತು.

ಊರೊಟ್ಟಿನ ಹುಲ್ಲನ್ನು ಒಬ್ಬನೇ ಹೆಚ್ಚಾಗಿ ಮೇಯಿಸಿದರೆ ಮಿಕ್ಕವರ ಗತಿಯೇನು? 1483ರಲ್ಲಿಯೇ ಗ್ರಾಮಸ್ಥರು ಕೂಡಿ ಹುಲ್ಲುಗಾವಲು, ಕಾಡು, ಬಂಜರುಗಳ ವಿಷಯದಲ್ಲಿ ಒಂದು ಒಡಂಬಡಿಕೆಗೆ ರುಜುಮಾಡಿದರು. ಹೊರಗಿನವನು ಊರಿನಲ್ಲಿ ಜಮೀನು ಕೊಂಡರೂ ಅವನಿಗೆ ಸಾಮುದಾಯಿಕ ಹಕ್ಕು ಬಾರದು. 1517ರ ಕಟ್ಟಳೆ ಇನ್ನೂ ಸರಳವಾದುದು: ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬನು ಬೇಸಿಗೆಯಲ್ಲಿ ಬೆಟ್ಟಕ್ಕೆ ಅಟ್ಟಬಹುದು. ಬೇಸಿಗೆಯ ಹುಲ್ಲು ಎಲ್ಲರದು. ಚಳಿಗಾಲದ ಮೇವು ಅವರವರ ಹೊಲದ್ದು, ಅವರವರ ದುಡಿಮೆಯದು. ಕೊಟ್ಟಿಗೆಯ ಅಟ್ಟವೇ ಬೆಟ್ಟಕ್ಕೆ ಅಳತೆಯಾಯಿತು. ಮಿತಿಮೀರಿದವನಿಗೆ ಜುಲ್ಮಾನೆ, ಅದರಲ್ಲಿ ಅರ್ಧ, ಜುಲ್ಮಾನೆ ಹಾಕಿದ ಅಧಿಕಾರಿಗೇ ಸಲ್ಲುತ್ತಿತ್ತು. ಕಾಡಿನ ಮರಗಳನ್ನೂ ಊರಿನ ಅಧಿಕಾರಿಗಳು ಗುರುತುಹಾಕಿದ ಮೇಲೆ ಎಲ್ಲರೂ ಕೂಡಿ ಕಡಿದು, ಸೌದೆಯ ರಾಶಿಗಳನ್ನು ಚೀಟಿಯೆತ್ತಿ ಹಂಚಿಕೊಳ್ಳುತ್ತಿದ್ದರು.

ಹಸುಗಳಿಗೆ ಮಿತಿಯಿಟ್ಟ ನೆಲ ಮನುಷ್ಯರಿಗೂ ಮಿತಿಯಿಟ್ಟಿತು. ಆಸ್ತಿಯಲ್ಲಿ ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಸಮಭಾಗವಿದ್ದುದರಿಂದ ಹೊಲಗಳು ತುಂಡುತುಂಡಾಗುತ್ತಿದ್ದುವು. ಆದರೂ ಬಹುಕಾಲ ಜನಸಂಖ್ಯೆ ಮಿತಿಮೀರಲಿಲ್ಲ. ವಿವಾಹಗಳು ತಡವಾಗಿ ನಡೆಯುತ್ತಿದ್ದುವು. ಅನೇಕರು ಅವಿವಾಹಿತರಾಗಿಯೇ ಉಳಿದರು. ಕೆಲವರು ಊರನ್ನೇ ಬಿಟ್ಟು ಹೋದರು. ಆಲೂಗೆಡ್ಡೆಯ ಬೆಳೆ ಬಂದಮೇಲೆ ಅದೇ ನೆಲ ಹೆಚ್ಚು ಜನಕ್ಕೆ ಅನ್ನ ಕೊಟ್ಟು, ಜನಸಂಖ್ಯೆ ಬೆಳೆಯಿತು. ಟೋರ್ಬೆಲಿನ ನೆಮ್ಮದಿಯನ್ನು ಹೊಗಳುವಾಗ, ಸ್ವಂತ ಮನೆಮಾರಿಲ್ಲದೆ ಮುದಿಯಾದ ಆ ತಮ್ಮಂದಿರನ್ನೂ ತಂಗಿಯರನ್ನೂ ನಾವು ಮರೆಯತಕ್ಕದ್ದಲ್ಲ.

ಎಲ್ಲರಿಗೂ ತೆರೆದ ಹುಲ್ಲುಗಾವಲು ಹಾಳಾಗಿಯೇ ತೀರುವುದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಆದರೆ ಟೋರ್ಬೆಲಿನ ದಾಖಲೆಗಳನ್ನು ಶೋಧಿಸಿದ ರಾಬರ್ಟ್ ನೆಟಿಂಗ್ ಅವರು 1981ರಲ್ಲಿ ಪ್ರಕಟಿಸಿದ ಗ್ರಂಥವು ಬೇರೊಂದು ಕಥೆಯನ್ನು ತಿಳಿಸಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಎಲಿನಾರ್ ಆಸ್ಟ್ರಮ್ ಅವರು ತಮ್ಮ 1990ರ ಗ್ರಂಥದಲ್ಲಿ ಈ ಗ್ರಾಮವನ್ನೇ ನಿದರ್ಶನವಾಗಿ ಎತ್ತಿಕೊಂಡರು. ಊರೊಟ್ಟಿನದು ಎಂದರೆ ಯಾರದೂ ಅಲ್ಲವೆಂದು ಅರ್ಥವಲ್ಲ. ಅದಕ್ಕೆ ಒಡೆಯರೂ ಉಂಟು, ಕಟ್ಟಳೆಯೂ ಉಂಟು, ಕಾವಲೂ ಉಂಟು.

ಈಗ ಅಲ್ಲಿಯ ಅನೇಕರು ಕಣಿವೆಯ ಕೆಳಗಣ ಪಟ್ಟಣಗಳಿಗೆ ಹೋಗಿ ಸಂಬಳದ ಕೆಲಸ ಮಾಡುವರು. ಹಿಂದೆ ಜನ ಹೆಚ್ಚಿ ನೆಲ ಸಾಲದೆಂಬ ಚಿಂತೆಯಿತ್ತು. ಈಗ ನೆಲವನ್ನು ನೋಡಿಕೊಳ್ಳುವ ಕೈ ಸಾಲದೆಂಬ ಚಿಂತೆ. ಹಳೆಯ ಕಟ್ಟಳೆಯನ್ನು ಮಾಡಿದವರಂತೆ ಈ ಹೊಸ ಪ್ರಶ್ನೆಗೂ ಉತ್ತರ ಹುಡುಕಬೇಕಾದವರು ಆ ಗ್ರಾಮಸ್ಥರೇ.