ಅಣೆ ಕಟ್ಟಿದ ಮೇಲಿನ ಕೆಲಸ
(ತೇರದಾಳದಲ್ಲಿ ಮಾಡಿದ ಭಾಷಣದ ಸಾರಾಂಶ)



1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ, ಕೃಷ್ಣಾ ತೀರದ ರೈತರು ಹಣವನ್ನೂ ಶ್ರಮವನ್ನೂ ತಾವೇ ಕೂಡಿಸಿ ಬ್ಯಾರೇಜ್ ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ಮಲೆನಾಡಿನಿಂದ ಬಂದ ನನಗೆ ಅದು ಇಂದಿಗೂ ಬೆರಗು.

ಆದರೆ ಸ್ವಯಂಸೇವಾ ಸಂಘಟನೆಗೆ ಕಠಿಣ ಪರೀಕ್ಷೆ ಎದುರಾಗುವುದು ಕಾಮಗಾರಿ ಮುಗಿದ ಮೇಲೆ. ನೀರು ಬಂದಲ್ಲಿ ಕಬ್ಬು ಬರುತ್ತದೆ. ಮಿತಿಮೀರಿ ನೀರುಣಿಸಿದ, ಬಸಿಗಾಲುವೆಯಿಲ್ಲದ ಕಪ್ಪು ನೆಲದಲ್ಲಿ ಸವುಳು ಮೇಲೇರುತ್ತದೆ. ಬಸಿಗಾಲುವೆಯನ್ನು ಒಬ್ಬನೇ ತೋಡಲಾರ, ನೆರೆಹೊಲದವನೂ ಒಪ್ಪಬೇಕು. ಅಣೆ ಕಟ್ಟಲು ಕೂಡಿದ ಜನ ಇದಕ್ಕೂ ಕೂಡಬೇಕು. ವಂತಿಗೆ ಎತ್ತುವುದು ಒಂದು ವರ್ಷದ ಉತ್ಸಾಹ. ಲೆಕ್ಕ ಒಪ್ಪಿಸುವುದು, ನೀರಿಗೆ ಮಿತಿ ಹಾಕಿಕೊಳ್ಳುವುದು ಪ್ರತಿವರ್ಷದ ಕರ್ತವ್ಯ. ಸಸಿ ನೆಟ್ಟು ಮರೆಯುವ ನಮ್ಮ ಮಲೆನಾಡಿನ ಸಂಘಗಳಿಗೂ ಈ ಮಾತು ಸಲ್ಲುತ್ತದೆ.